ಎರಡೇ ಸೀಟಿನ ಗಾಡಿ

ಮಾತಾಡದ ಗಂಡನನ್ನು ಕಟ್ಟಿಕೊಂಡ ಹೆಂಗಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅದೇನು ದೊಡ್ಡ ಸುದ್ದಿಯಲ್ಲ. ಟೈಲರಮ್ಮನ ಸಂಕಟ ಬೇರೆ ಥರದ್ದು. ಅವಳ ಗಂಡ ಮಾತಾಡುತ್ತಿದ್ದ. ಚೆನ್ನಾಗಿಯೇ ಮಾತಾಡುತ್ತಿದ್ದ. ಆದರೆ ಅವನ ಕೈಯಲ್ಲಿ ಸ್ಟೀರಿಂಗ್ ಇರಬೇಕಿತ್ತು.

ಅವನು ಬಸ್ ಡ್ರೈವರ್. ಪೇಟೆಯಿಂದ ಆಚೆ ತುದಿಯ ಸ್ಟಾಪಿಗೆ ಸಂಜೆ ಹೊರಡುವ ಕೊನೆಯ ಬಸ್ಸು ಅವನದೇ. ಹಾಗಾಗಿ ಆ ದಾರಿಯ ಜನವೆಲ್ಲ ಅವನಿಗೆ ಲಾಸ್ಟ್ ಟ್ರಿಪ್ ಅಂತಲೇ ಹೆಸರಿಟ್ಟಿದ್ದರು. ಟೈಲರಮ್ಮ ಆಗಿನ್ನೂ ಅಮ್ಮ ಆಗಿರಲಿಲ್ಲ, ಪೇಟೆಯ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುವ ಹುಡುಗಿ. ಡ್ರೈವರ್ ಬೆನ್ನ ಹಿಂದಿನ ಮೊದಲ ಸೀಟು ಅವಳದು. ಅವನು ರಸ್ತೆ ನೋಡಿಕೊಂಡು ಮಾತಾಡುತ್ತಿದ್ದ, ಅವಳು ಅವನ ಕತ್ತು ನೋಡಿಕೊಂಡು ಕೇಳುತ್ತಿದ್ದಳು. ತಲೆಯ ಮೇಲಿನ ಕನ್ನಡಿ ಇರುವುದು ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಇಳಿದರು ಅಂತ ನೋಡುವುದಕ್ಕೆ. ಇವನು ಅದನ್ನು ಚೂರು ಓರೆ ಮಾಡಿಟ್ಟುಕೊಂಡಿದ್ದ. ಅದರಲ್ಲಿ ಈ ಹುಡುಗಿಯ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿಂದಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಪಾಪ, ಗಂಟಲು ಹರಿದುಕೊಂಡು ರೈಟ್ ರೈಟ್ ಅನ್ನಬೇಕಾಗುತ್ತಿತ್ತು.

ಮದುವೆಯಾಯಿತು. ಮನೆಗೆ ಬಂದು ನೋಡಿದರೆ ಈ ಮಹಾರಾಯ ಬಾಯಿಯನ್ನು ಡಿಪೋದಲ್ಲೇ ಬಿಟ್ಟು ಬಂದ ಹಾಗಿದ್ದ! ಊಟಕ್ಕೆ ಬನ್ನಿ ಅಂದರೆ ಹೂಂ, ಉಪ್ಪು ಸರಿಯಿದೆಯಾ ಅಂದರೆ ಹೂಂ, ಮೈಗೆ ಹುಷಾರಿಲ್ಲವಾ ಅಂದರೂ ಹೂಂ. ಎದುರಿಗೆ ಕೂತು ಮುಖ ನೋಡಿದರೆ ಸಾಕು, ನಾಲಗೆ ಒಣಗಿಹೋಗುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ," ಅಂತ ಅವಳು ಮೊದಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಒಂದು ಉಪಾಯ ಕಂಡುಕೊಂಡಳು. ಕೆಲಸ ಇರಲಿ ಬಿಡಲಿ, ಸಂಜೆಯಾದರೆ ಹೋಗಿ ಬಸ್ ಹತ್ತುವುದು. ಮೊದಲ ಸೀಟಿನಲ್ಲಿ ಕೂತು ಆಚೆ ತುದಿಯವರೆಗೆ ಹೋಗುವುದು, ಖಾಲಿ ಬಸ್ಸಿನಲ್ಲಿ ವಾಪಸು ಬರುವುದು. ಅವರ ಸಂಸಾರ ನಡೆದದ್ದು ಆ ಬಸ್ಸಿನಲ್ಲೇ. ಅಕ್ಕಿ ಬೇಳೆಯ ಮಾತು, ಮುನಿಸು, ರಾಜಿ ಎಲ್ಲ ಅಲ್ಲೇ. ತಾನು ಬಸುರಿ ಅಂತ ಅವಳು ಅವನ ಕತ್ತಿಗೆ ಹೇಳಿದ್ದೂ ಅಲ್ಲೇ. ಹುಣಸೆಮರದ ಹತ್ತಿರ, ಸ್ಟಾಪೇ ಇಲ್ಲದ ಕಡೆ ಬಸ್ಸು ಗಕ್ಕನೆ ನಿಂತು, ಒಬ್ಬ ಮುದುಕರು ಬುಟ್ಟಿ ಸಮೇತ ಮುಂದಿನ ಸೀಟಿಗೆ ಬಂದು ಬಿದ್ದಿದ್ದರು.

ಆ ಕತ್ತು ಅವಳಿಗೆ ಬಾಯಿಪಾಠ. ಕಿವಿಯ ಹಿಂದಿನ ಮಚ್ಚೆ, ಸುಳ್ಳು ಹೇಳುವಾಗ ಕೆಂಪಾಗುವ ಜಾಗ, ನಗು ಬಂದಾಗ ಬೀಳುವ ಮಡಿಕೆ. ಆದರೆ ಮಾತಾಡುವಾಗ ಆ ಮುಖ ಹೇಗಿರುತ್ತದೆ ಅಂತ ಅವಳು ಒಂದು ದಿನವೂ ನೋಡಲಿಲ್ಲ. ಅವಳು ಕನ್ನಡಿಯತ್ತ ಕಣ್ಣೆತ್ತಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು. ಅವಳು ಇನ್ನೂ ನೋಡಲಿಲ್ಲ.

ಕೆಲಸದ ಕೊನೆಗಾಲದಲ್ಲಿ ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ ಗೇಟಿಗೆ ಹಾಕಿದರು. ಯಾಕೆ ಅಂದರೆ "ವಯಸ್ಸಾಯ್ತು" ಅಂದ, ಅಷ್ಟೆ. ಗೇಟಿನ ಕಂಬಿ ಎತ್ತುತ್ತಾ ಇಳಿಸುತ್ತಾ ನಿವೃತ್ತಿಯೂ ಆಯಿತು. ಸ್ಟೀರಿಂಗ್ ಹೋಯಿತು, ಮಾತೂ ಹೋಯಿತು. ಮನೆಯಲ್ಲಿ ಇಡೀ ದಿನ ಹೊಲಿಗೆ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಿಷನ್ ನಿಲ್ಲಿಸಿದರೆ ಅದೂ ಇಲ್ಲ. ಎದುರಿಗೇ ಕೂತಿರುವ ಮನುಷ್ಯನಿಗಾಗಿ ಹಂಬಲಿಸುವುದು ಅಂದರೆ ಏನು ಅಂತ ಯಾರಿಗೆ ಹೇಳುವುದು? ಗಂಡ ಸತ್ತವರಿಗೆ ನಾಲ್ಕು ಜನ ಸಮಾಧಾನ ಹೇಳುತ್ತಾರೆ. ಇವಳಿಗೆ ಹೇಳುವವರು ಯಾರು? ಬೆಳಗ್ಗೆ ಎದ್ದರೆ ಗಂಡ ಪಕ್ಕದಲ್ಲೇ ಇದ್ದಾನೆ, ಕುರ್ಚಿಗೆ ಡಿಕ್ಕಿ ಹೊಡೆದುಕೊಂಡು, ಲೋಟ ಬೀಳಿಸಿಕೊಂಡು ಓಡಾಡುತ್ತಿದ್ದಾನೆ. ಅವಳಿಗೆ ಬೇಕಾಗಿದ್ದದ್ದು ಆ ಹಳೆಯ ದನಿ ಮಾತ್ರ.

ಹಾಗಿರುವಾಗ ಒಂದು ದಿನ ಅವಳು ಪರದೆಯ ಅಳತೆ ತೆಗೆಯಲು ಹಲ್ಲಿನ ಡಾಕ್ಟರ ಮನೆಗೆ ಹೋದಳು. ಡಾಕ್ಟರು ತೀರಿಕೊಂಡಿದ್ದರು, ಹೆಂಡತಿ ಒಬ್ಬರೇ ಇದ್ದರು. ಹಿತ್ತಲ ಕಿಟಕಿಯ ಅಳತೆ ಹಿಡಿಯುವಾಗ ಹೊರಗೆ ಬಳ್ಳಿ ಮುಚ್ಚಿದ ಒಂದು ಗುಡ್ಡೆ ಕಂಡಿತು. ಗುಡ್ಡೆಗೆ ಒಂದು ದೀಪವಿತ್ತು.

"ಅದಾ? ಅವರ ಹುಚ್ಚಿನ ಕಾರು," ಅಂದರು ಡಾಕ್ಟರ ಹೆಂಡತಿ. "ರೇಸ್ ಗಾಡಿಯಂತೆ. ಹಡಗಲ್ಲಿ ತರಿಸಿದ್ರು. ಸ್ಟೀರಿಂಗ್ ಬೇರೆ ಉಲ್ಟಾ ಕಡೆ. ಅವರು ಹೋದ ಮೇಲೆ ಅದರಲ್ಲಿ ಬೆಕ್ಕು ಬಿಟ್ರೆ ಯಾರೂ ಕೂತಿಲ್ಲ."

ಟೈಲರಮ್ಮ ಬಳ್ಳಿ ಸರಿಸಿ ನೋಡಿದಳು. ಕುಳ್ಳಗೆ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತಿತ್ತು. ಟೈರು ನಾಲ್ಕೂ ಚಪ್ಪಟೆ, ಬಣ್ಣ ಸಿಪ್ಪೆ ಸುಲಿದುಹೋಗಿತ್ತು, ಸೀಟಿನ ಹೊಟ್ಟೆ ಸೀಳಿ ನಾರು ಹೊರಬಂದಿತ್ತು. ಅವಳ ಕಣ್ಣು ನೆಟ್ಟದ್ದು ಅದ್ಯಾವುದರ ಮೇಲೂ ಅಲ್ಲ. ಸೀಟು ಎರಡೇ ಎರಡಿದ್ದವು, ಒಂದರ ಪಕ್ಕ ಒಂದು. ಹಿಂದಿನ ಸೀಟು ಅನ್ನುವುದೇ ಇರಲಿಲ್ಲ. ಈ ಗಾಡಿಯಲ್ಲಿ ಕೂತರೆ ಅವನ ಪಕ್ಕದಲ್ಲೇ ಕೂರಬೇಕು, ಬೇರೆ ದಾರಿಯೇ ಇಲ್ಲ.

"ಅಮ್ಮಾ, ಇದನ್ನ ನನಗೆ ಕೊಡ್ತೀರಾ?" ಅಂತ ಕೇಳಿಯೇಬಿಟ್ಟಳು.

"ನಿನಗೆ ತಲೆ ಕೆಟ್ಟಿದೆಯೇನಮ್ಮ? ತಗೊಂಡು ಹೋಗು. ಪರದೆ ಮಾತ್ರ ಬೇಗ ಹೊಲಿದುಕೊಡು."

ಅವಳ ತಮ್ಮನಿಗೆ ಲೇತ್ ಅಂಗಡಿ. ಬಾಯಿ ಜೋರು, ಕೈ ಇನ್ನೂ ಜೋರು. ಟೆಂಪೋ ತಂದು, ಹಗ್ಗ ಕಟ್ಟಿ, ಆ ಗುಜರಿಯನ್ನು ಅಕ್ಕನ ಮನೆಯ ಪಕ್ಕದ ಶೆಡ್ಡಿಗೆ ತಳ್ಳಿದ. "ಅಕ್ಕಾ, ಇದು ಓಡಿದ್ರೆ ನಾನು ಮೀಸೆ ಬೋಳಿಸ್ತೀನಿ," ಅಂದ.

"ನಿನ್ನ ಮೀಸೆ ಯಾರಿಗೆ ಬೇಕೋ? ನಿಮ್ಮ ಭಾವನ ಕೈಗೆ ಒಂದು ಸ್ಟೀರಿಂಗ್ ಸಿಕ್ಕಿದ್ರೆ ಸಾಕು. ಬಾಯಿ ತಾನಾಗೇ ತೆರೆಯುತ್ತೆ."

ಲಾಸ್ಟ್ ಟ್ರಿಪ್ ಹೊರಗೆ ಬಂದು ನಿಂತ. ಗಾಡಿಯನ್ನು ಒಂದು ಸುತ್ತು ಹಾಕಿದ. ಈಚೆಗೆ ಅವನಿಗೊಂದು ಅಭ್ಯಾಸ, ಏನನ್ನೇ ನೋಡಲಿ ಗೂಬೆಯ ಹಾಗೆ ಇಡೀ ತಲೆ ತಿರುಗಿಸಿ ನೋಡುತ್ತಿದ್ದ. ಹಾಗೇ ಮೂತಿಯಿಂದ ಬಾಲದವರೆಗೆ ನೋಡಿದ. ಸ್ಟೀರಿಂಗಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತ. ಟೈಲರಮ್ಮ ಕಾದಳು. ಈಗ ಮಾತಾಡುತ್ತಾನೆ, ಈಗ ಮಾತಾಡುತ್ತಾನೆ.

"ಹೂಂ," ಅಂದ ಅವನು. ಒಳಗೆ ಹೋಗಿ ಹಳೆಯ ಶರಟು ಹಾಕಿಕೊಂಡು ಬಂದ.

ಅವತ್ತಿನಿಂದ ಶುರುವಾಯಿತು ಕೆಲಸ. ತುಕ್ಕು ಕೆರೆದದ್ದೇ ಒಂದು ಕಾಲ. ನೆಲದ ತಗಡು ಹಪ್ಪಳವಾಗಿತ್ತು, ತಮ್ಮ ಹೊಸದು ಕತ್ತರಿಸಿ ಬೆಸುಗೆ ಹಾಕಿದ. ಇಂಜಿನ್ ಬಿಚ್ಚಿ ಶೆಡ್ಡಿನ ತುಂಬ ಹರಡಿದರು. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಬಿಡಲೊಲ್ಲದು, ವಾರಗಟ್ಟಲೆ ಎಣ್ಣೆ ಕುಡಿಸಿ ಬಡಿದು ಬಿಡಿಸಿದರು. ಪೆಟ್ರೋಲಿಗೂ ಗಾಳಿಗೂ ಮದುವೆ ಮಾಡಿಸುವ ಕಾರ್ಬುರೇಟರ್ ಅನ್ನುವ ವಸ್ತುವನ್ನು ಅವನು ಅವಳ ಹಾಲಿನ ಪಾತ್ರೆಯಲ್ಲಿ ಕುದಿಸಿಟ್ಟ. "ಅಯ್ಯೋ ನಿಮ್ಮ ಮನೆ ಕಾಯ್ವಾಗ! ಬೇರೆ ಪಾತ್ರೆ ಸಿಗಲಿಲ್ವೇನ್ರೀ?" ಅಂತ ಅವಳು ಕೂಗಾಡಿದರೆ ಪಾತ್ರೆಯನ್ನು ತಿಕ್ಕಿ ತೊಳೆದು ಕಪಾಟಿನಲ್ಲಿ ಬೋರಲು ಹಾಕಿ ಹೋದ. ಹಾಲು ಮಾತ್ರ ತಿಂಗಳುಗಟ್ಟಲೆ ಪೆಟ್ರೋಲ್ ನಾರುತ್ತಿತ್ತು.

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇವನ ಕೈ ಮೊಣಕೈವರೆಗೆ ಗ್ರೀಸಾದರೂ ಬಾಯಿಂದ ಒಂದು ಮಾತು ಉದುರಲಿಲ್ಲ. ಟೈಲರಮ್ಮನೂ ಜಗ್ಗುವವಳಲ್ಲ. ಚಹಾ ನೆಪದಲ್ಲಿ, ದಾರ ಬಿತ್ತು ಅನ್ನುವ ನೆಪದಲ್ಲಿ ಶೆಡ್ಡಿಗೆ ಹೋಗಿ ಬರುವಳು. ಇನ್ನೂ ಓಡುವ ಗಾಡಿಯಲ್ಲವಲ್ಲ, ಓಡಲಿ, ಆಗ ನೋಡೋಣ ಅಂತ ತನಗೆ ತಾನೇ ಹೇಳಿಕೊಳ್ಳುವಳು. ಆ ಆಸೆಯಲ್ಲೇ ಸೀಟು ಹೊಲಿಯಲು ಕೂತಳು. ಹಳೆಯ ನಾರು ಕಿತ್ತು, ಸ್ಪ್ರಿಂಗ್ ಬಿಗಿದು, ಹೊಸ ಹಾಸು ತುಂಬಿ, ದಪ್ಪ ಸೂಜಿಯಲ್ಲಿ ಅಂಚು ಕಟ್ಟಿದಳು. ಸ್ಟೀರಿಂಗ್ ಕಡೆಯ ಸೀಟನ್ನು ಅಳತೆಯೇ ಇಲ್ಲದೆ ಕತ್ತರಿಸಿದಳು. ಆ ಬೆನ್ನಿಗೆ ಅಳತೆ ಬೇರೆ ಬೇಕೇ? ಬಲಭುಜ ಚೂರು ಇಳಿದಿದೆ, ಸೊಂಟದ ಹತ್ತಿರ ಆಸರೆ ಬೇಕು. ಹೊಲಿಯುತ್ತಾ ಹೊಲಿಯುತ್ತಾ ಅವಳಿಗೆ ಆ ಬಸ್ಸು, ಆ ಸಂಜೆ, ಆ ಕತ್ತು ಎಲ್ಲ ನೆನಪಾಗಿ ಕಣ್ಣು ಮಂಜಾಗಿ ಎರಡು ಸಲ ಬೆರಳು ಚುಚ್ಚಿಕೊಂಡಳು.

ಒಂದು ಮಧ್ಯಾಹ್ನ ಅವಳು ಮಿಷನ್ ಮುಂದೆ ಕೂತಿರುವಾಗ ಅವನು ಬಂದು ಅವಳ ಸ್ಟೂಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಏನ್ರೀ ಅದು?"

"ಸ್ಟೂಲು ಅಲ್ಲಾಡ್ತಿದೆ."

ಅಲ್ಲಾಡುತ್ತಿರಲಿಲ್ಲ. ಆದರೆ ಗಂಡ ಪೂರ್ತಿ ಎರಡು ಪದ ಆಡಿದ ಸಂತೋಷದಲ್ಲಿ ಅವಳು ಅದನ್ನು ಗಮನಿಸಲಿಲ್ಲ. ಮರುದಿನ ಅಳತೆಯ ಟೇಪು ಕಾಣಲಿಲ್ಲ. ಹುಡುಕಿದರೆ ಶೆಡ್ಡಿನಲ್ಲಿ ಗ್ರೀಸ್ ಮೆತ್ತಿಕೊಂಡು ಬಿದ್ದಿತ್ತು. "ಇನ್ನು ಇದರಲ್ಲಿ ಯಾರ ಸೊಂಟ ಅಳೆಯಲಿ ನಾನು?" ಅಂತ ಬೈದುಕೊಂಡು ಹೊಸದು ತಂದಳು.

ಇಂಜಿನ್ ಕೂತಿತು, ಬಣ್ಣವೂ ಆಯಿತು. ಕೆರೆದಾಗ ತಳದಲ್ಲಿ ಕಂಡ ಕಡುಹಸಿರನ್ನೇ ತಮ್ಮ ಹೊಡೆದುಕೊಟ್ಟ. ಒಂದು ಬೆಳಗ್ಗೆ ಕೆಮ್ಮಿ, ಉಗುಳಿ, ಹೊಗೆ ಕಾರಿ ಗಾಡಿ ಸ್ಟಾರ್ಟ್ ಆಯಿತು. ತಮ್ಮ ಮೀಸೆಯ ಮೇಲೆ ಕೈಯಿಟ್ಟುಕೊಂಡು ಶೆಡ್ಡಿನಿಂದ ಆಚೆ ಓಡಿದ. ಇನ್ನು ಉಳಿದದ್ದು ಸೀಟು ಕೂರಿಸುವುದೊಂದೇ.

ಅಲ್ಲಿ ಎಡವಟ್ಟಾಯಿತು. ಡ್ರೈವರ್ ಸೀಟನ್ನು ಲಾಸ್ಟ್ ಟ್ರಿಪ್ ಎಷ್ಟು ಮುಂದಕ್ಕೆ ತಂದು ಬೋಲ್ಟ್ ಬಿಗಿದಿದ್ದ ಅಂದರೆ, ಅವನ ಉದ್ದನೆಯ ಕಾಲು ಅಲ್ಲಿ ಹಿಡಿಸುವುದು ಸಾಧ್ಯವೇ ಇರಲಿಲ್ಲ. ಸಾಲದ್ದಕ್ಕೆ ಬ್ರೇಕಿಗೂ ಕ್ಲಚ್ಚಿಗೂ ಆಕ್ಸಿಲರೇಟರಿಗೂ ಒಂದೊಂದು ಮರದ ತುಂಡು ಕೂರಿಸಿ ಇನ್ನಷ್ಟು ಎತ್ತರ ಮಾಡಿದ್ದ. ಬದುಕೆಲ್ಲ ಡ್ರೈವರ್ ಸೀಟಿನಲ್ಲಿ ಕಳೆದವನು ತನ್ನ ಸೀಟನ್ನು ತಾನೇ ತಪ್ಪಾಗಿ ಹಾಕುವುದೆಂದರೇನು! ಅವಳು ತಮ್ಮನನ್ನು ಕರೆಸಿ ಹಿಂದಕ್ಕೆ ಸರಿಸಿದಳು. ಮರುದಿನ ನೋಡಿದರೆ ಸೀಟು ಮತ್ತೆ ಮುಂದೆ. ಮತ್ತೆ ಸರಿಸಿದಳು. ಮತ್ತೆ ಮುಂದೆ. ಎತ್ತು ಏರಿಗೆ, ಕೋಣ ನೀರಿಗೆ.

"ಅಕ್ಕಾ, ನೀವಿಬ್ಬರು ಒಂದು ತೀರ್ಮಾನಕ್ಕೆ ಬನ್ನಿ," ಅಂದ ತಮ್ಮ. "ಆ ಬೋಲ್ಟಿನ ತಲೆ ಸವೆದುಹೋಗ್ತಿದೆ."

ಅವಳಿಗೆ ರೇಗಿತು. ಶೆಡ್ಡಿಗೆ ಹೋಗಿ ಗಂಡನ ಎದುರಿಗೇ ನಿಂತಳು. "ನಿಮಗೆ ಈ ಗಾಡಿ ಓಡೋದೇ ಬೇಕಾಗಿಲ್ಲ, ಅಲ್ವಾ? ಓಡಿದ್ರೆ ನನ್ನ ಜೊತೆ ಮಾತಾಡಬೇಕಾಗುತ್ತಲ್ಲ ಅಂತ ಭಯ. ಹೇಳಿಬಿಡಿ. ನಾನು ಈ ಗುಜರಿ ಯಾಕೆ ತಂದೆ ಅಂದ್ಕೊಂಡ್ರಿ? ನನಗೇನು ರೇಸಿಗೆ ಹೋಗಬೇಕಿತ್ತಾ? ನಿಮ್ಮ ದನಿ ಕೇಳಬೇಕು ಅಂತ ಸಾಯ್ತಾ ಇದ್ದೀನಿ ಕಣ್ರೀ ನಾನು."

ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ಆಮೇಲೆ ಬಗ್ಗಿ ನೆಲದ ಮೇಲಿನ ಸ್ಪ್ಯಾನರಿಗೆ ತಡಕಾಡಿದ, ಅದು ಕಾಲಿನ ಪಕ್ಕದಲ್ಲೇ ಇತ್ತು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಬಂದಳು. ಆವತ್ತು ಮಿಷನ್ ಕೂಡ ಸದ್ದು ಮಾಡಲಿಲ್ಲ.

ಭಾನುವಾರ ಬೆಳಗ್ಗೆ ಅವನು ಒಗೆದ ಬಿಳಿ ಶರಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಮಿಷನ್ನಿನ ಹತ್ತಿರ ನಿಂತ. "ಬಾ," ಅಂದ. ಅವಳು ಮುನಿಸಿನಲ್ಲೇ ಎದ್ದಳು. ಗಾಡಿ ಶೆಡ್ಡಿನಿಂದ ಹೊರಗೆ ಬಿಸಿಲಲ್ಲಿ ನಿಂತು ಥಳಥಳ ಅನ್ನುತ್ತಿತ್ತು. ತಮ್ಮ ಗೇಟು ತೆರೆದು ಹಿಡಿದಿದ್ದ. ಲಾಸ್ಟ್ ಟ್ರಿಪ್ ಗಾಡಿಯ ಹತ್ತಿರ ಹೋದ, ಬಾಗಿಲು ತೆರೆದ, ಕೂತ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವಾ! ಸ್ಟೀರಿಂಗ್ ಆ ಕಡೆ! ಅಭ್ಯಾಸಬಲ ನೋಡಕ್ಕಾ, ಬಸ್ಸು ಅಂದ್ಕೊಂಡು ಬಲಗಡೆ ಹತ್ತಿಬಿಟ್ರು!"

ಅವಳಿಗೂ ಮುನಿಸಿನ ನಡುವೆ ನಗು ಬಂತು. ಕಿಟಕಿಯ ಹತ್ತಿರ ಬಗ್ಗಿ, "ಇಳೀರಿ, ಇದು ನನ್ನ ಸೀಟು. ನಿಮ್ಮದು ಆ ಕಡೆ," ಅಂದಳು.

"ಗೊತ್ತು," ಅಂದ ಅವನು. ಮುಂದಿನ ಗಾಜನ್ನೇ ನೋಡುತ್ತಿದ್ದ. "ಹೋಗಿ ಕೂತ್ಕೋ."

"ನಾನಾ? ಸ್ಟೀರಿಂಗ್ ಮುಂದೆ?"

"ಕೂತ್ಕೋ ಅಂದ್ನಲ್ಲ."

ಜಗಳ ಆಡುವುದಾದರೆ ಕೂತೇ ಆಡೋಣ ಅಂತ ಅವಳು ಸುತ್ತಿ ಹೋಗಿ ಧಪ್ಪನೆ ಕೂತಳು. ಕೂತವಳು ಹಾಗೇ ನಿಂತ ಗಡಿಯಾರದ ಹಾಗಾದಳು. ಅವಳ ಪಾದ ಹುಡುಕಲಿಲ್ಲ, ತಡಕಲಿಲ್ಲ. ನೆಟ್ಟಗೆ ಹೋಗಿ ಪೆಡಲಿನ ಮೇಲೆ ಕೂತಿತು, ದಿನವೂ ಮಿಷನ್ನಿನ ಪೆಡಲಿನ ಮೇಲೆ ಕೂರುತ್ತದಲ್ಲ, ಅದೇ ಜಾಗದಲ್ಲಿ, ಅದೇ ದೂರದಲ್ಲಿ. ಕೈ ಚಾಚಿದರೆ ಸ್ಟೀರಿಂಗ್ ಸಿಕ್ಕಿತು, ಬಟ್ಟೆ ಸಿಗುವ ಹಾಗೆ. ಸ್ಟೂಲು ಅಲ್ಲಾಡುತ್ತಿದೆ ಅಂದದ್ದು, ಟೇಪಿಗೆ ಗ್ರೀಸು, ಮರದ ತುಂಡು, ಮತ್ತೆ ಮತ್ತೆ ಮುಂದಕ್ಕೆ ಬರುತ್ತಿದ್ದ ಸೀಟು ಎಲ್ಲ ಒಟ್ಟಿಗೆ ಅರ್ಥವಾಯಿತು. ಇಡೀ ಬೀದಿಯ ಸೊಂಟ, ತೋಳು, ಬೆನ್ನು ಬಲ್ಲವಳು ಅವಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಹಾಗೆ, ಕಣ್ಣೆದುರು ಇದ್ದ ತನ್ನ ಅಳತೆಯನ್ನೇ ಗುರುತಿಸಲಿಲ್ಲ. ಗುರುತಿಸುವುದು ಹೇಗೆ, ಅವಳ ಅಳತೆಯನ್ನು ಯಾರು ಯಾವಾಗ ತೆಗೆದಿದ್ದರು?

"ಯಾಕ್ರೀ?" ಅಂದಳು ಮೆಲ್ಲಗೆ. ಅವನ ಕಡೆ ತಿರುಗಬೇಕು ಅನ್ನಿಸಿತು. ಯಾಕೋ ತಿರುಗಲಿಲ್ಲ, ಅವಳೂ ಗಾಜಿನಾಚೆಯ ಗೇಟನ್ನೇ ನೋಡಿದಳು.

ಆಗ ಅವನು ಮಾತಾಡಿದ.

"ನನಗೆ ಪಕ್ಕದ್ದು ಕಾಣಲ್ಲ ಕಣೇ. ನೆಟ್ಟಗೆ ನೋಡಿದ್ರೆ ಕಾಣುತ್ತೆ, ಕೊಳವೆಯಲ್ಲಿ ನೋಡಿದ ಹಾಗೆ. ಪಕ್ಕ ಇಲ್ಲ, ಮೇಲೆ ಇಲ್ಲ. ಬಸ್ಸಲ್ಲೇ ಗೊತ್ತಾಯ್ತು. ಒಂದು ಸಂಜೆ ನೀನು ಹಿಂದೆ ಕೂತು ಏನೋ ಹೇಳ್ತಿದ್ದೆ. ದನಿ ಬರ್ತಿದೆ, ಕನ್ನಡಿ ಇದ್ದ ಜಾಗದಲ್ಲಿ ಏನೂ ಇಲ್ಲ. ತಲೆ ಎತ್ತಿ ಕನ್ನಡಿ ಹುಡುಕಿದೆ, ನೀನು ಕಂಡೆ, ಆದ್ರೆ ರಸ್ತೆ ಹೋಯ್ತು. ರಸ್ತೆ ನೋಡಿದೆ, ನೀನು ಹೋದೆ. ಹಿಂದೆ ಅಷ್ಟು ಜನ ಕೂತಿದ್ರು. ಮಾರನೆ ದಿನ ನಾನೇ ಹೋಗಿ ಡಿಪೋದಲ್ಲಿ ಹೇಳ್ದೆ, ನನ್ನನ್ನ ಇಳಿಸಿಬಿಡಿ ಅಂತ."

ಗೇಟಿನ ಹತ್ತಿರ ತಮ್ಮ ನಗು ನಿಲ್ಲಿಸಿದ್ದ. ಸದ್ದಿಲ್ಲದೆ ಬೀದಿಗೆ ಹೋಗಿಬಿಟ್ಟ.

"ಡಾಕ್ಟರ್ ಏನಂದ್ರು?"

"ಹೋಗಿದ್ದು ಬರಲ್ಲ ಅಂದ್ರು. ಮದ್ದು ಬಿಟ್ಕೊಂಡ್ರೆ ಇದ್ದದ್ದು ಸ್ವಲ್ಪ ಕಾಲ ಉಳಿಯುತ್ತೆ. ಎಷ್ಟು ಕಾಲ ಅಂತ ಅವರಿಗೂ ಗೊತ್ತಿಲ್ಲ."

ಅವನು ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದ ಹನಿ ಅವಳು ನೋಡಿದ್ದಳು. ಧೂಳಿಗೆ ಅಂದಿದ್ದ, ನಂಬಿದ್ದಳು. ಕುರ್ಚಿಗೆ ಡಿಕ್ಕಿ ಹೊಡೆದಾಗ ಬೈದಿದ್ದಳು. ಲೋಟ ಬಿದ್ದಾಗಲೂ ಬೈದಿದ್ದಳು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮನೇಲಿ ಹೇಗೆ ಹೇಳೋದು? ನೀನು ಮುಖ ನೋಡ್ಕೊಂಡು ನಿಂತಿರ್ತೀಯ."

ಅಳುವುದೋ ನಗುವುದೋ ಗೊತ್ತಾಗದೆ ಅವಳು ಎರಡನ್ನೂ ಮಾಡಿದಳು. ಎಂಥ ದಡ್ಡತನ! ಸ್ಟೀರಿಂಗ್ ಹಿಡಿದರೆ ಅವನ ಬಾಯಿ ತೆರೆಯುತ್ತದೆ ಅಂತ ಇಷ್ಟು ವರ್ಷ ನಂಬಿದ್ದಳಲ್ಲ. ಅವನಿಗೆ ಬೇಕಾಗಿದ್ದದ್ದು ಸ್ಟೀರಿಂಗೇ ಅಲ್ಲ, ಎದುರಿಗೊಂದು ಗಾಜು. ಯಾರೂ ತನ್ನನ್ನು ನೋಡುತ್ತಿಲ್ಲ ಅನ್ನುವ ಧೈರ್ಯ.

"ಗಾಡಿ ತಂದಾಗ ಬೇಡ ಅನ್ನೋಣ ಅಂದ್ಕೊಂಡೆ," ಅಂದ ಅವನು. "ನಿನ್ನ ಮುಖ ನೋಡಿದ್ರೆ ಹಬ್ಬದ ಹಾಗಿತ್ತು. ಹಾಳಾಗಿ ಹೋಗ್ಲಿ, ನಾನು ಓಡಿಸಕ್ಕಾಗದಿದ್ರೆ ಇವಳೇ ಓಡಿಸ್ಲಿ ಅಂತ ಸೀಟು ಸರಿಮಾಡಿದೆ. ನೀನು ನೋಡಿದ್ರೆ ಬೋಲ್ಟ್ ಬಿಚ್ಚಿಸ್ತಾ ಕೂತೆ. ಈಗ ಕ್ಲಚ್ ತುಳಿ. ಎಡಗಾಲು. ನಿನ್ನ ಮಿಷನ್ನಿನ ಪೆಡಲ್ ಅಂದ್ಕೋ. ದಾರ ಕಡಿಯದ ಹಾಗೆ ಬಿಡಬೇಕು."

ದಾರ ಕಡಿಯಿತು. ಗಾಡಿ ಕಪ್ಪೆಯ ಹಾಗೆ ಒಂದು ಸಲ ಹಾರಿ ಸತ್ತುಹೋಯಿತು. "ಈ ನೆಲ ಸರಿಯಿಲ್ಲ ಕಣ್ರೀ," ಅಂದಳು. "ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಂದ ಅವನು. ಎಷ್ಟೋ ಕಾಲದ ಮೇಲೆ ಗಂಡ ಗೇಲಿ ಮಾಡಿದ್ದ. ಅವಳು ಬೇಕೆಂದೇ ಇನ್ನೊಂದು ಸಲ ದಾರ ಕಡಿದಳು.

ಮುಚ್ಚಿಹೋದ ಗಿರಣಿಯ ಹಿಂದಿನ ಖಾಲಿ ರಸ್ತೆಯಲ್ಲಿ ಅವಳು ಕಲಿತಳು. ಐವತ್ತು ದಾಟಿದ ಹೆಂಗಸು, ಸೆರಗು ಸಿಕ್ಕಿಸಿಕೊಂಡು ರೇಸ್ ಗಾಡಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸುವುದನ್ನು ನೋಡಲು ಗಿರಣಿಯ ಗೋಡೆಯ ಮೇಲೆ ಜನ ಕೂರುತ್ತಿದ್ದರು. ಕೂರಲಿ ಬಿಡಿ. ಅವನು ಪಕ್ಕದಲ್ಲಿ ಮಾತಾಡುತ್ತಿದ್ದ. ಗೇರಿನ ಮಾತು, ಬ್ರೇಕಿನ ಮಾತು, ಗೇಟಿನಲ್ಲಿ ನಿಂತು ಬೇರೆಯವರು ತನ್ನ ಬಸ್ಸು ಓಡಿಸಿಕೊಂಡು ಹೋಗುವುದನ್ನು ನೋಡಿದ ದಿನಗಳ ಮಾತು. ಕೂಡಿಟ್ಟದ್ದೆಲ್ಲ ಬಂತು. ಅವಳ ಕಿವಿ ತುಂಬಿತು, ಆದರೂ ಒಂದು ಆಸೆ ಒಳಗೇ ಉಳಿಯಿತು. ಮಾತಾಡುವಾಗ ಆ ಮುಖ ಹೇಗಿರುತ್ತದೆ? ಚೂರು ತಿರುಗಿದರೆ ಸಾಕು, "ರಸ್ತೆ ನೋಡು" ಅನ್ನುವನು. ಹಿಂದೆ ಕೂತಾಗ ಕತ್ತಾದರೂ ಕಾಣುತ್ತಿತ್ತು. ಪಕ್ಕ ಕೂತ ಮೇಲೆ ಅದೂ ಇಲ್ಲ! ಅವನು ಮಾತ್ರ ಇಡೀ ತಲೆ ತಿರುಗಿಸಿ ಅವಳನ್ನೇ ನೋಡುತ್ತಿರುತ್ತಿದ್ದ. ತಿರುಗಿ ನೋಡದೆಯೂ ಅವಳಿಗೆ ಅದು ಗೊತ್ತಾಗುತ್ತಿತ್ತು, ದನಿ ನೇರ ಅವಳ ಕೆನ್ನೆಗೇ ಬಂದು ತಾಕುತ್ತಿತ್ತು.

"ನನ್ನ ಮುಖದಲ್ಲೇನು ಸಿಗ್ನಲ್ ಇದೆಯಾ?" ಅಂತ ಒಂದು ದಿನ ಕೇಳಿದಳು.

"ಕಾಣೋವರೆಗೆ ನೋಡ್ಕೋತೀನಿ ಬಿಡು," ಅಂದ ಅವನು.

ಲೈಸೆನ್ಸ್ ಕೈಗೆ ಬಂದ ದಿನ ಸಂಜೆ ಅವಳು ಗಾಡಿಯನ್ನು ಹಳೆಯ ದಾರಿಗೆ ತಿರುಗಿಸಿದಳು, ಲಾಸ್ಟ್ ಟ್ರಿಪ್ ಹೋಗುತ್ತಿದ್ದ ದಾರಿಗೆ. ಅವನಿಗೆ ಅಕ್ಕಪಕ್ಕ ಕಾಣದಿದ್ದರೂ ತಿರುವು ಬಂದಾಗ ಗೊತ್ತಾಯಿತು. ಆಸ್ಪತ್ರೆ ಅಂದ, ಆಸ್ಪತ್ರೆ ಬಂತು. ಮರದ ಡಿಪೋ ಅಂದ, ಬಂತು. ಹುಣಸೆಮರ ಅನ್ನುತ್ತಲೇ, "ಇಲ್ಲಿ ನಿಲ್ಲಿಸು," ಅಂದ.

ನಿಲ್ಲಿಸಿದಳು. ಸ್ಟಾಪೇ ಇಲ್ಲದ ಕಡೆ. ಇಂಜಿನ್ ಆರಿಸಿ, ಕೊನೆಗೂ ಅವನ ಕಡೆ ಪೂರ್ತಿ ತಿರುಗಿ ಕೂತಳು. "ಈಗ ಮಾತಾಡಿ," ಅಂದಳು.

ಅವನು ಅವಳ ಮುಖ ನೋಡಿದ. ತುಟಿ ಅಲ್ಲಾಡಿತು. ಕಿವಿ ಕೆಂಪಾಯಿತು. "ಹೂಂ," ಅಂದ.

"ಥೂ ನಿಮ್ಮ!" ಅಂತ ಅವಳು ನಕ್ಕಳು. ಇದು ಇಷ್ಟೇ. ಈ ಜನ್ಮದಲ್ಲಿ ಕೇಳುವುದಾದರೆ ನೋಡುವ ಹಾಗಿಲ್ಲ, ನೋಡುವುದಾದರೆ ಕೇಳುವ ಹಾಗಿಲ್ಲ. ಗಾಡಿ ಸ್ಟಾರ್ಟ್ ಮಾಡಿದಳು. ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ತಲೆಯ ಮೇಲಿನ ಕನ್ನಡಿ ನೋಡಿದಳು, ಅವನೇ ಕಲಿಸಿದ ಹಾಗೆ. ಕೈ ಎತ್ತಿದಳು. ಎತ್ತಿದ ಕೈ ಒಂದು ಗಳಿಗೆ ಅಲ್ಲೇ ತಡೆದು ನಿಂತಿತು. ಮೇಲಿನದು ಇವರಿಗೆ ಕಾಣಲ್ಲ.

ಕನ್ನಡಿಯನ್ನು ಚೂರು ಓರೆ ಮಾಡಿದಳು.

ಗಾಡಿ ಉರುಳತೊಡಗಿತು. ಅವಳ ಮುಖ ರಸ್ತೆಗೆ ತಿರುಗಿದ್ದೇ ತಡ, ಅವನ ಬಾಯಿ ತೆರೆಯಿತು. ಬುಟ್ಟಿ ಸಮೇತ ಬಿದ್ದ ಮುದುಕರ ಕಥೆ ಶುರು ಮಾಡಿದ. ಅವರು ಶಾಪ ಹಾಕಲು ಎದ್ದವರು ವಿಷಯ ತಿಳಿದು ಬುಟ್ಟಿಯಲ್ಲಿದ್ದ ಹಣ್ಣನ್ನೆಲ್ಲ ಬಸ್ಸಿಗೆ ಹಂಚಿದ್ದು, ಆವತ್ತಿಡೀ ತಾನು ಗೇರು ತಪ್ಪಿ ಹಾಕುತ್ತಿದ್ದದ್ದು, ಹೆಣ್ಣೇ ಹುಟ್ಟಲಿ ಅಂತ ಹುಣಸೆಮರಕ್ಕೆ ಹೇಳಿಕೊಂಡದ್ದು. ಅವಳು ರಸ್ತೆ ನೋಡಿದಳು, ಒಂದು ಗಳಿಗೆ ಕನ್ನಡಿ ನೋಡಿದಳು, ಮತ್ತೆ ರಸ್ತೆ ನೋಡಿದಳು. ಕನ್ನಡಿಯಲ್ಲಿ ಅವನಿದ್ದ. ಮಾತಾಡುವಾಗ ಅವನ ಹುಬ್ಬು ಮೇಲೆ ಹೋಗುತ್ತಿತ್ತು. ನಗುವ ಮುಂಚೆ ಕೆಳದುಟಿ ಕಚ್ಚುತ್ತಿದ್ದ. ಹೆಣ್ಣು ಅನ್ನುವಾಗ ಕಣ್ಣು ಒದ್ದೆಯಾಯಿತು. ಇದೆಲ್ಲ ಅವಳಿಗೆ ಗೊತ್ತೇ ಇರಲಿಲ್ಲ. ಇದೆಲ್ಲ ಅಷ್ಟು ವರ್ಷ ಆ ಕತ್ತಿನ ಆಚೆಗೆ ನಡೆಯುತ್ತಿತ್ತು.

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವಳು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸಂಜೆಯ ಬಸ್ಸು, ತುಂಬ ಜನ, ಗುರ್ರನೆ ಅವರನ್ನು ದಾಟಿ ಹೋಯಿತು.

ಅವನು ಮಾತು ನಿಲ್ಲಿಸಿ ಗದರಿದ. "ಎಷ್ಟು ಸಲ ಹೇಳಿದ್ದೀನಿ? ಹಾರ್ನ್ ಹೊಡೆಯೋವರೆಗೆ ಕಾಯ್ತಾರೇನೇ? ಗಾಡಿ ಓಡಿಸೋರು ಕನ್ನಡಿ ನೋಡ್ತಿರಬೇಕು."

"ನೋಡ್ತಾನೇ ಇದ್ದೀನಿ ಕಣ್ರೀ," ಅಂದಳು ಅವಳು. "ನೀವು ಮುಂದೆ ಹೇಳಿ."